ಕುಡಿತ ಬಿಡಿಸುವ ಅಜ್ಜನಿಗೆ ಸಂಬಳ ಯಾರು ಕೊಡಬೇಕು?

ಎಲ್ಲರಿಗೂ ನಮಸ್ಕಾರ. ಇವತ್ತು ಜೂನ್ 26, ಮಾದಕ ವಸ್ತು ವಿರೋಧಿ ದಿನ. ಇಲ್ಲಿ ಕೂತಿರುವವರಲ್ಲಿ ಹೆಚ್ಚಿನವರು ವ್ಯಸನಮುಕ್ತಿ ಕೇಂದ್ರಗಳಲ್ಲಿ ದುಡಿಯುವವರು. ಬಿಟ್ಟವರು ಮತ್ತೆ ಯಾಕೆ ಹಿಡಿಯುತ್ತಾರೆ ಅಂತ ನಾನು ನಿಮಗೆ ಹೇಳಬೇಕಾಗಿಲ್ಲ. ನಾನು ಮಾತಾಡಲು ಬಂದಿರುವುದು ಉತ್ತರ ಅಮೆರಿಕದ ಮೂಲನಿವಾಸಿಗಳ ಬಗ್ಗೆ. ಅಲ್ಲಿ ಎಷ್ಟೋ ಊರುಗಳಲ್ಲಿ ಜನರನ್ನು ಚಟದಿಂದ ಹೊರಗೆ ತರುವ ಕೆಲಸಕ್ಕೆ ಅವರದೇ ಹಿರಿಯರು, ಅವರದೇ ಮದ್ದು ಕೊಡುವವರು ಹೆಗಲು ಕೊಟ್ಟಿದ್ದಾರೆ. ಅದು ಚಿಕಿತ್ಸೆಯೋ ಅಲ್ಲವೋ? ಚಿಕಿತ್ಸೆ ಅನ್ನುವುದಾದರೆ, ಆ ಅಜ್ಜನಿಗೆ ಸಂಬಳ ಯಾರು ಕೊಡಬೇಕು?

ಮೊದಲು ಒಂದು ಸುಳ್ಳನ್ನು ಪಕ್ಕಕ್ಕೆ ಸರಿಸೋಣ. "ಅವರ ರಕ್ತದಲ್ಲೇ ಕುಡಿತ ಇದೆ" ಅನ್ನುವ ಮಾತನ್ನು ನೀವೂ ಕೇಳಿರುತ್ತೀರಿ. ಸಮೀಕ್ಷೆಗಳು ಬೇರೆಯೇ ಹೇಳುತ್ತವೆ. ಅಮೆರಿಕದಲ್ಲಿ ಮದ್ಯ ಮುಟ್ಟದವರ ಪ್ರಮಾಣ ಬಿಳಿಯರಿಗಿಂತ ಮೂಲನಿವಾಸಿಗಳಲ್ಲೇ ಜಾಸ್ತಿ. ಕುಡಿತಕ್ಕೆ ಬಿದ್ದವರ ಕಥೆ ಹುಡುಕುತ್ತಾ ಹೋದರೆ ಕೈಗೆ ಸಿಗುವುದು ರಕ್ತ ಅಲ್ಲ, ಕಿತ್ತುಕೊಂಡ ನೆಲ. ಅಪ್ಪ ಅಮ್ಮನಿಂದ ಎಳೆದು ತಂದು ಮಕ್ಕಳನ್ನು ತುಂಬಿದ ವಸತಿ ಶಾಲೆಗಳು.

ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಆಲ್ಕಲಿ ಲೇಕ್ ಅಂತ ಮೂಲನಿವಾಸಿಗಳ ಒಂದು ಸಣ್ಣ ಊರು. ಈ ಊರಿನ ಕಥೆ ನನಗೆ ಎಷ್ಟು ಹೇಳಿದರೂ ಸಾಕಾಗುವುದಿಲ್ಲ, ಸ್ವಲ್ಪ ಸಹಿಸಿಕೊಳ್ಳಿ. ಊರಿಗೆ ಊರೇ ಕುಡಿಯುತ್ತಿತ್ತು. ಸುತ್ತಲಿನವರು 'ಆಲ್ಕೋಹಾಲ್ ಲೇಕ್' ಅಂತ ಆಡಿಕೊಳ್ಳುತ್ತಿದ್ದರು. 1970ರ ದಶಕದ ಶುರುವಿನಲ್ಲಿ ಫಿಲಿಸ್ ಚೆಲ್ಸಿ ಅನ್ನುವ ತಾಯಿ, ಅಜ್ಜಿ ಮನೆಯಲ್ಲಿ ಬಿಟ್ಟಿದ್ದ ಮಗಳನ್ನು ಕರೆಯಲು ಹೋದರು. ನೀವು ಕುಡಿಯುತ್ತೀರಿ, ನಾನು ಬರಲ್ಲ ಅಂದುಬಿಟ್ಟಳು ಆ ಏಳು ವರ್ಷದ ಹುಡುಗಿ. ಫಿಲಿಸ್ ಕುಡಿಯುವುದನ್ನು ನಿಲ್ಲಿಸಿದರು. ಸ್ವಲ್ಪ ದಿನಕ್ಕೆ ಗಂಡ ಆಂಡಿಯೂ ನಿಲ್ಲಿಸಿದರು. ಮೊದಮೊದಲು ಇಡೀ ಊರಲ್ಲಿ ಕುಡಿಯದೇ ಇರುವ ಜೋಡಿ ಇದೊಂದೇ ಅನ್ನುವ ಹಾಗಿತ್ತು.

ಆಮೇಲೆ ಆಂಡಿ ಊರಿನ ಮುಖ್ಯಸ್ಥರಾದರು. ಕದ್ದು ಮದ್ಯ ಮಾರುವವರನ್ನು ಪೊಲೀಸರಿಗೆ ಹಿಡಿದು ಕೊಟ್ಟರು. ಸರ್ಕಾರದಿಂದ ಬರುವ ಸಹಾಯಧನ ಬಾಟಲಿ ಪಾಲಾಗುತ್ತಿತ್ತು. ದುಡ್ಡಿನ ಬದಲು ದಿನಸಿ ಚೀಟಿ ಕೊಡುವ ಏರ್ಪಾಡು ಮಾಡಿದರು. ಚುನಾಯಿತರಾದವರು ಹೀಗೆ ಮಾಡಿದರೆ ಊರು ಏನನ್ನುತ್ತದೆ ಅಂತ ನಿಮಗೆ ಗೊತ್ತು, ಅಲ್ವಾ? ಬೈಗುಳಕ್ಕೆ ಬರ ಇರಲಿಲ್ಲ. ನನಗೆ ಬಹಳ ಇಷ್ಟವಾದ ಸಂಗತಿ ಬೇರೆ ಇದೆ. ಯಾರಾದರೂ ಚಿಕಿತ್ಸೆಗೆ ಹೋದರೆ ಊರಿನವರು ಅವರ ಮಕ್ಕಳನ್ನು ನೋಡಿಕೊಳ್ಳುತ್ತಿದ್ದರು. ಅವರ ಮನೆ ರಿಪೇರಿ ಮಾಡಿ ಬಣ್ಣ ಬಳಿದು ಇಡುತ್ತಿದ್ದರು. ನಮ್ಮಲ್ಲಿ ಡಿಸ್ಚಾರ್ಜ್ ಆದವನು ಯಾವ ಮನೆಗೆ ವಾಪಸ್ ಹೋಗುತ್ತಾನೆ, ಯೋಚನೆ ಮಾಡಿ.

ಎಎ, ಅಂದರೆ ಆಲ್ಕೋಹಾಲಿಕ್ಸ್ ಅನಾನಿಮಸ್, ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಗುಂಪು, ಅದರ ಸಭೆ ನಡೆಯುತ್ತಿತ್ತು. ಅದರ ಜೊತೆಗೆ ಬೇರೆ ಕಡೆಯ ಹಿರಿಯರನ್ನು ಕರೆಸಿ, ಮರೆತೇಹೋಗಿದ್ದ ಬೆವರುಗುಡಿಸಲಿನ ವಿಧಿಯನ್ನು ಮತ್ತೆ ಕಲಿತರು. ವಿಲೋ ಗಿಡದ ಹಸಿ ಕೊಂಬೆ ಬಗ್ಗಿಸಿ ಕಟ್ಟಿದ ಗುಡಿಸಲು. ಮೇಲೆ ಕಂಬಳಿ ಹೊದಿಸಿರುತ್ತಾರೆ. ಹೊರಗೆ ಬೆಂಕಿ ಕಾಯುವವನೊಬ್ಬ ಕೆಂಪಗೆ ಕಾದ ಕಲ್ಲುಗಳನ್ನು ಒಂದೊಂದಾಗಿ ತಂದು ನಡುವಿನ ಗುಂಡಿಗೆ ಇಳಿಸುತ್ತಾನೆ. ಬಾಗಿಲು ಮುಚ್ಚಿದರೆ ಕಣ್ಣಿಗೆ ಕೈ ಕಾಣದಷ್ಟು ಕತ್ತಲು. ಹಿರಿಯರು ಕಲ್ಲಿಗೆ ನೀರು ಹಾಕುತ್ತಾರೆ, ಹಬೆ ಮುಖಕ್ಕೆ ರಾಚುತ್ತದೆ. ಸರದಿಯಂತೆ ಪ್ರಾರ್ಥನೆ, ಹಾಡು, ಅಳು. ನಾಲ್ಕು ಸುತ್ತು. ಯಾರಿಗೆ ತಡೆಯಲು ಆಗುತ್ತಿಲ್ಲ, ಯಾವಾಗ ಬಾಗಿಲು ತೆರೆಯಬೇಕು ಅನ್ನುವುದು ಆ ಹಿರಿಯರಿಗೆ ಗೊತ್ತು. ಇದು ಅನುಭವ ಬೇಡುವ ಕೆಲಸ ಸ್ವಾಮಿ, ಸುಮ್ನೆ ಅಲಂಕಾರಕ್ಕೆ ಇಟ್ಟಿದ್ದಲ್ಲ. 1980ರ ದಶಕದ ನಡುವಿಗೆ ಅದೇ ಊರಿನ ಶೇಕಡಾ 95ರಷ್ಟು ಜನ ಕುಡಿತ ಬಿಟ್ಟಿದ್ದರು ಅಂತ ದಾಖಲಾಗಿದೆ.

ಇಂಥ ಹಿರಿಯರನ್ನೇ ಕಾನೂನು ಅಪರಾಧಿಗಳನ್ನಾಗಿ ಮಾಡಿತ್ತು. ಅಮೆರಿಕ ಸರ್ಕಾರ 1883ರಲ್ಲಿ ಅವರ ನೃತ್ಯ, ಮದ್ದು, ವಿಧಿಗಳಿಗೆ ಶಿಕ್ಷೆ ಗೊತ್ತು ಮಾಡಿತು. ಅಲ್ಲಿಂದ ನೂರು ವರ್ಷ ದಾಟಿ ಬನ್ನಿ. ಓರೆಗಾನ್‌ನಲ್ಲಿ ಆಲ್ ಸ್ಮಿತ್ ಅನ್ನುವ ಕ್ಲಾಮತ್ ಜನಾಂಗದ ಆಪ್ತಸಮಾಲೋಚಕ. ತಾವೇ ಕುಡಿತ ಬಿಟ್ಟು ಬೇರೆಯವರನ್ನು ಬಿಡಿಸುತ್ತಿದ್ದವರು. ತಮ್ಮ ಜನರ ಪ್ರಾರ್ಥನಾ ಸಭೆಯಲ್ಲಿ ಪೆಯೋಟಿ ಅನ್ನುವ, ಮತ್ತು ಬರಿಸುವ ಕಳ್ಳಿಗಿಡದ ಪ್ರಸಾದ ತೆಗೆದುಕೊಂಡರು ಅಂತ 1984ರಲ್ಲಿ ಕೆಲಸದಿಂದ ತೆಗೆದರು. 1990ರಲ್ಲಿ ಸುಪ್ರೀಂ ಕೋರ್ಟೂ ಅವರ ಕೈ ಹಿಡಿಯಲಿಲ್ಲ. ಆ ವಿಧಿಗೆ ದೇಶವಿಡೀ ಕಾನೂನಿನ ರಕ್ಷಣೆ ಸಿಗಲು 1994 ಬರಬೇಕಾಯಿತು. ಸಂಬಳ ಕೊಡುವುದು ಹಾಗಿರಲಿ, ಇದ್ದ ಸಂಬಳವನ್ನೇ ಕಿತ್ತುಕೊಂಡರು ನೋಡಿ.

ಚೀಟಿ ಬಂತು, ಐದೇ ನಿಮಿಷ ಅಂತೆ. ಹಾಗಾದರೆ ಓಡಿಸುತ್ತೇನೆ. 1799ರಲ್ಲಿ ಸೆನೆಕಾ ಜನರ ಹ್ಯಾಂಡ್‌ಸಮ್ ಲೇಕ್ ಅನ್ನುವ ಹಿರಿಯರು, ಕುಡಿದು ಕುಡಿದು ಸಾವಿನ ಅಂಚಿಗೆ ಹೋಗಿ ಎದ್ದು ಬಂದು, ಮದ್ಯ ಬಿಡಿ ಅಂತ ಊರೂರಿಗೆ ಸಾರಿದರು. ಎಎ ಹುಟ್ಟಿದ್ದು ಅದಾಗಿ ನೂರು ವರ್ಷ ದಾಟಿದ ಮೇಲೆ, 1935ರಲ್ಲಿ. ಮೊಹಿಕನ್ ಜನಾಂಗದ ಡಾನ್ ಕೋಯಿಸ್ 1988ರಲ್ಲಿ ವೈಟ್ ಬೈಸನ್ ಅನ್ನುವ ಸಂಸ್ಥೆ ಶುರು ಮಾಡಿ, ಎಎಯ ಹನ್ನೆರಡು ಮೆಟ್ಟಿಲುಗಳನ್ನು ತಮ್ಮ ಹಿರಿಯರ ಬೋಧನೆಯ ಜೊತೆ ಕೂಡಿಸಿದರು. ಇವರಿಬ್ಬರ ಬಗ್ಗೆ ಇನ್ನೊಮ್ಮೆ.

ಫೆಂಟನಿಲ್‌ನಂಥ ಡ್ರಗ್ಸ್ ಹಿಡಿದವರಿಗೆ ಆ ಹಂಬಲವನ್ನು ತಡೆಯುವ ಬ್ಯುಪ್ರೆನಾರ್ಫಿನ್‌ನಂಥ ಮಾತ್ರೆ ಬೇಕೇ ಬೇಕು. ಹಬೆ ಸಾಕು, ಮಾತ್ರೆ ಬೇಡ ಅಂತ ನಾನು ಹೇಳುತ್ತಿಲ್ಲ, ತಪ್ಪು ತಿಳಿಯಬೇಡಿ. ಮಾತ್ರೆ ಬರೆಯುವವರ ಪಕ್ಕದಲ್ಲೇ ಅಜ್ಜನಿಗೂ ಕುರ್ಚಿ ಹಾಕಿ ಅಂತ ಕೇಳುತ್ತಿದ್ದೇನೆ.

ಕೊನೆಗೂ 2024ರ ಅಕ್ಟೋಬರ್‌ನಲ್ಲಿ ಆ ಕುರ್ಚಿ ಸಿಕ್ಕಿತು. ಅರಿಜೋನ, ಕ್ಯಾಲಿಫೋರ್ನಿಯಾ, ನ್ಯೂ ಮೆಕ್ಸಿಕೊ, ಓರೆಗಾನ್, ಈ ನಾಲ್ಕು ರಾಜ್ಯಗಳಲ್ಲಿ ಮೂಲನಿವಾಸಿಗಳ ಸಾಂಪ್ರದಾಯಿಕ ಚಿಕಿತ್ಸೆಗೆ ಮೆಡಿಕೇಡ್, ಅಂದರೆ ಬಡವರ ಸರ್ಕಾರಿ ವಿಮೆ, ದುಡ್ಡು ಕೊಡಲು ಒಪ್ಪಿಗೆ ಸಿಕ್ಕಿತು. ಕ್ಯಾಲಿಫೋರ್ನಿಯಾದಲ್ಲಿ ಅದನ್ನು ಚಟ ಬಿಡಿಸುವ ಚಿಕಿತ್ಸೆಯ ಜೊತೆಗೇ ಜೋಡಿಸಿದ್ದಾರೆ. ಯಾರು ನಿಜವಾದ ಹಿರಿಯರು ಅಂತ ತೀರ್ಮಾನಿಸುವುದನ್ನು ಅವರ ಆಸ್ಪತ್ರೆ, ಕ್ಲಿನಿಕ್‌ಗಳಿಗೇ ಬಿಟ್ಟಿದ್ದಾರೆ. ಉಳಿದ ರಾಜ್ಯಗಳ ಅಜ್ಜಂದಿರಿಗೆ ಯಾವಾಗ? ಅದನ್ನೇ ನಾವು ಕೇಳುತ್ತಾ ಇರಬೇಕು. ಈಗ ನಿಮ್ಮ ಪ್ರಶ್ನೆಗಳು. ಮೊದಲು ಹಿಂದಿನ ಸಾಲಿನವರು ಕೇಳಲಿ, ಆಗಿನಿಂದ ಕೈ ಎತ್ತಿದ್ದಾರೆ.