ಗಡಿನಾಡಿನ ಬೈಕಿಗೆ ದಾರಿಯ ನೆರವು: ದುಡ್ಡು ಕಟ್ಟುವ ಮೊದಲು ಕೇಳಬೇಕಾದ್ದು

ವಾಚನಾಲಯದ ಗೆಳೆಯರಿಗೆ, ಎದುರು ಕುಳಿತ ಹಿರಿಯರಿಗೆ, ಡ್ಯೂಟಿ ಮುಗಿಸಿ ಸ್ಕೂಟರಿನಲ್ಲಿ ನೇರ ಇಲ್ಲಿಗೇ ಬಂದ ಅಕ್ಕತಂಗಿಯರಿಗೆ ನಮಸ್ಕಾರ.

ಮಳೆ ಹಿಡಿಯುವ ಮೊದಲೇ ಈ ಮಾತು ಆಗಬೇಕು ಎಂದು ಕೇಳಿಕೊಂಡವನು ನಾನೇ. ಬೈಕು, ಸ್ಕೂಟರ್ ರಿಪೇರಿ ನನ್ನ ಕೆಲಸ. ಗಾಡಿ ಕೆಟ್ಟು ದಾರಿಯಲ್ಲಿ ನಿಂತವರು ಫೋನ್ ಮಾಡಿದಾಗ ಎಲ್ಲಿದ್ದೀರಿ ಎಂದು ಕೇಳುತ್ತೇನೆ, ಮತ್ತೆ ರೋಡ್‌ಸೈಡ್ ಅಸಿಸ್ಟೆನ್ಸ್, ಅಂದರೆ ಕೆಟ್ಟು ನಿಂತ ಗಾಡಿಗೆ ದಾರಿಗೇ ಬಂದು ನೆರವಾಗುವ ಸೇವೆ, ಉಂಟಾ ಎಂದು ಕೇಳುತ್ತೇನೆ. ಹೆಚ್ಚಿನವರು "ಇನ್ಶೂರೆನ್ಸ್ ಉಂಟು" ಎನ್ನುತ್ತಾರೆ. ಯಾವ ಇನ್ಶೂರೆನ್ಸ್, ಅದರಲ್ಲಿ ಏನೇನು ಸೇರಿದೆ ಎಂದು ಕೇಳಿದರೆ ಗೊತ್ತಿರುವುದಿಲ್ಲ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

1988ರ ಮೋಟಾರು ವಾಹನ ಕಾಯ್ದೆಯಂತೆ ಕಡ್ಡಾಯ ಇರುವುದು ಥರ್ಡ್ ಪಾರ್ಟಿ ವಿಮೆ ಮಾತ್ರ. ನಮ್ಮ ಗಾಡಿಯಿಂದ ಬೇರೆಯವರಿಗಾದ ಹಾನಿಗೆ ಅದು ದುಡ್ಡು ಕೊಡುತ್ತದೆ. ನಮ್ಮದೇ ಗಾಡಿಗೆ ಏನಾದರೂ ಆದರೆ ಓನ್ ಡ್ಯಾಮೇಜ್ ಎಂಬ ಇನ್ನೊಂದು ಭಾಗ ಇರಬೇಕು. ಸುಪ್ರೀಂ ಕೋರ್ಟಿನ ಆದೇಶದ ಮೇಲೆ 2018ರ ಸೆಪ್ಟೆಂಬರ್ 1ರಿಂದ ಹೊಸ ದ್ವಿಚಕ್ರ ವಾಹನಕ್ಕೆ 5 ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು ಷೋರೂಮಿನಲ್ಲೇ ಒಮ್ಮೆಗೆ ಕಟ್ಟಿಸಿಕೊಳ್ಳುತ್ತಾರೆ. ಓನ್ ಡ್ಯಾಮೇಜ್ ಸಾಮಾನ್ಯವಾಗಿ ಒಂದೇ ವರ್ಷದ್ದು. ನಮ್ಮ ಕಡೆ ಎಡವಟ್ಟು ಆಗುವುದು ಇಲ್ಲಿಯೇ. ಎರಡನೇ ವರ್ಷ ಪೊಲೀಸರು ತಡೆದು ನೋಡಿದರೂ ವಿಮೆ ಚಾಲ್ತಿಯಲ್ಲಿದೆ ಎಂದೇ ಕಾಣುತ್ತದೆ, ದಂಡ ಬೀಳುವುದಿಲ್ಲ. ಗಾಡಿಯವರು 5 ವರ್ಷಕ್ಕೆ ಎಲ್ಲವೂ ಆಗಿದೆ ಎಂದು ನಿಶ್ಚಿಂತೆಯಿಂದ ಇರುತ್ತಾರೆ. ಮೊದಲ ವರ್ಷ ಓನ್ ಡ್ಯಾಮೇಜಿನ ಜೊತೆ ಸೇರಿಸಿದ್ದ ರೋಡ್‌ಸೈಡ್ ಅಸಿಸ್ಟೆನ್ಸ್ ಅದರ ಜೊತೆಗೇ ಮುಗಿದು ಹೋಗಿರುತ್ತದೆ. ಇಂದು ರಾತ್ರಿ ಮನೆಗೆ ಹೋಗಿ ಪಾಲಿಸಿ ತೆರೆದು ನೋಡಿ. ಅದರಲ್ಲಿ ಎರಡು ಭಾಗಕ್ಕೆ ಎರಡು ಬೇರೆ ಬೇರೆ ಕೊನೆಯ ದಿನಾಂಕ ಇರುತ್ತದೆ. ನೋಡಬೇಕಾದ್ದು ಬೇಗ ಮುಗಿಯುವ ದಿನಾಂಕವನ್ನು.

ಓನ್ ಡ್ಯಾಮೇಜ್ ಚಾಲ್ತಿಯಲ್ಲಿದ್ದರೆ ಗಾಡಿ ಎತ್ತಿಕೊಂಡು ಹೋಗುವ ಖರ್ಚು ಸಿಗುವುದಿಲ್ಲವೇ? ಸಿಗುತ್ತದೆ, ಅಪಘಾತದಲ್ಲಿ ಜಖಂ ಆಗಿದ್ದರೆ ಮಾತ್ರ. ಅದಕ್ಕೂ ಮಿತಿ ಉಂಟು. ಸಾಮಾನ್ಯ ಪಾಲಿಸಿಯಲ್ಲಿ ದ್ವಿಚಕ್ರ ವಾಹನಕ್ಕೆ ಒಂದು ಅಪಘಾತಕ್ಕೆ 300 ರೂಪಾಯಿ. ಕಾರಿಗೆ 1500 ರೂಪಾಯಿ. 300 ರೂಪಾಯಿಗೆ ಮುಳ್ಳೇರಿಯದಿಂದ ಕಾಸರಗೋಡಿಗೆ ಯಾವ ಪಿಕಪ್ಪಿನವರು ಬರುತ್ತಾರೆ ಹೇಳಿ. ಇನ್ನು ಕ್ಲಚ್ ವೈರ್ ತುಂಡಾದದ್ದು, ಬ್ಯಾಟರಿ ಸತ್ತದ್ದು, ಇಂಜಿನ್ ಜಾಮ್ ಆದದ್ದು ಅಪಘಾತವೇ ಅಲ್ಲ. ಯಂತ್ರದ ಅಥವಾ ವಿದ್ಯುತ್ತಿನ ದೋಷವನ್ನು ಪಾಲಿಸಿಯೇ ಹೊರಗಿಟ್ಟಿದೆ. ದಾರಿಯಲ್ಲಿ ನಿಲ್ಲುವ ಗಾಡಿಗಳಲ್ಲಿ ಹೆಚ್ಚಿನವು ಇಂಥವೇ.

ಆದ್ದರಿಂದ ಬೇರೆಯೇ ವ್ಯವಸ್ಥೆ ಬೇಕು. ಅದು ಮೂರು ಕಡೆ ಸಿಗುತ್ತದೆ. ವಿಮಾ ಕಂಪನಿಯವರು ಓನ್ ಡ್ಯಾಮೇಜಿಗೆ ಆಡ್-ಆನ್ ಆಗಿ, ಅಂದರೆ ಹೆಚ್ಚಿನ ದುಡ್ಡಿಗೆ ಸೇರಿಸುವ ಸೌಲಭ್ಯವಾಗಿ, ಕೊಡುತ್ತಾರೆ. ಬೈಕ್ ತಯಾರಿಸುವ ಕಂಪನಿಯವರು ಷೋರೂಮಿನ ಮೂಲಕ ವರ್ಷದ ಲೆಕ್ಕದಲ್ಲಿ ಮಾರುತ್ತಾರೆ. ಇದೊಂದೇ ಕೆಲಸ ಮಾಡುವ ಬೇರೆ ಸಂಸ್ಥೆಗಳೂ ಇವೆ. ಗಾಡಿ ಇನ್ನೂ ವಾರಂಟಿಯಲ್ಲಿದ್ದರೆ ತಯಾರಕರದ್ದೇ ಒಳ್ಳೆಯದು ಎಂದು ನನ್ನ ಅಭಿಪ್ರಾಯ. ಅವರು ಎತ್ತಿಕೊಂಡು ಹೋಗುವುದು ತಮ್ಮದೇ ಸರ್ವಿಸ್ ಸೆಂಟರಿಗೆ, ವಾರಂಟಿಗೆ ತೊಂದರೆ ಬರುವುದಿಲ್ಲ. ವಾರಂಟಿ ಮುಗಿದು ಊರಿನ ಗ್ಯಾರೇಜಿನಲ್ಲೇ ಕೆಲಸ ಮಾಡಿಸುವವರಿಗೆ ಆಡ್-ಆನ್ ಹೆಚ್ಚು ಉಪಯೋಗ. ಗಾಡಿ ಹಳೆಯದಾದ ಹಾಗೆ ಕೆಲವು ಕಂಪನಿಗಳು ಆಡ್-ಆನ್ ಕೊಡುವುದನ್ನು ನಿಲ್ಲಿಸುತ್ತವೆ, ಆಗ ಮೂರನೇ ದಾರಿ ಹಿಡಿಯಬೇಕಾಗುತ್ತದೆ. ಅಂಥ ಪ್ಲಾನ್‌ಗಳಲ್ಲಿ ಕೆಲವು ದುಡ್ಡು ಕಟ್ಟಿದ ಕೆಲ ದಿನಗಳ ನಂತರವೇ ಜಾರಿಗೆ ಬರುತ್ತವೆ. ಗಾಡಿ ನಿಂತ ಮೇಲೆ ಫೋನಿನಲ್ಲಿ ಕೊಂಡರೆ ಕೆಲಸಕ್ಕೆ ಬರಲಿಕ್ಕಿಲ್ಲ.

ಈಗ ನಮ್ಮ ನೆಲದ ಮಾತಿಗೆ ಬರುತ್ತೇನೆ. ಬೆಂಗಳೂರಿನಲ್ಲೋ ಕೊಚ್ಚಿಯಲ್ಲೋ ಕುಳಿತವರಿಗೆ ಸರಿಹೋಗುವ ಪ್ಲಾನ್ ನಮಗೆ ಹಾಗೆಯೇ ಸರಿಹೋಗುವುದಿಲ್ಲ. ನಮ್ಮ ಗಾಡಿಗೆ ಕಾಸರಗೋಡಿನ ಕೆಎಲ್ 14 ನಂಬರು, ಓಡಾಟ ಕೇರಳ-ಕರ್ನಾಟಕ ಗಡಿಯ ಎರಡೂ ಕಡೆ. ಆಸ್ಪತ್ರೆಗೆ ಮಂಗಳೂರು, ಅಡಕೆಗೆ ಪುತ್ತೂರು, ನೆಂಟರ ಮನೆಗೆ ಸುಳ್ಯ, ಸರಕಾರಿ ಕಚೇರಿಗೆ ಕಾಸರಗೋಡು. ವಿಮೆ ಇಡೀ ಭಾರತಕ್ಕೆ ಅನ್ವಯಿಸುತ್ತದೆ, ಅದರಲ್ಲಿ ಅನುಮಾನ ಬೇಡ. ಆದರೆ ನೆರವಿಗೆ ಬರುವ ವ್ಯಾನ್ ಕಂಪನಿಯದ್ದಲ್ಲ. ಆಯಾ ಊರಿನಲ್ಲಿ ಅವರು ಗೊತ್ತು ಮಾಡಿಕೊಂಡವರದ್ದು. ಆ ವ್ಯಾನ್ ಯಾವ ಪೇಟೆಯಿಂದ ಹೊರಡುತ್ತದೆ, ಗಡಿ ದಾಟುತ್ತದೆಯೇ, ನಿಮ್ಮ ಗಾಡಿಯನ್ನು ಯಾವ ರಾಜ್ಯದ ಗ್ಯಾರೇಜಿಗೆ ಮುಟ್ಟಿಸುತ್ತದೆ, ಇಡೀ ವಿಷಯ ನಿಂತಿರುವುದು ಇದರ ಮೇಲೆ. ಗಡಿಯ ಹತ್ತಿರದ ಅಡ್ಕಸ್ಥಳದಲ್ಲಿ ಕೆಟ್ಟು ನಿಂತವರಿಗೆ ವಿಟ್ಲ, ಪುತ್ತೂರು ಅನುಕೂಲ. ಆದರೆ ಪಾಲಿಸಿಯಲ್ಲಿರುವ ವಿಳಾಸ ನೋಡಿ ಕಾಞಂಗಾಡಿನಿಂದ ವ್ಯಾನ್ ಕಳಿಸಿದರೆ ಕಾಯುವ ಹೊತ್ತು ಎಷ್ಟು ಎಂದು ನೀವೇ ಊಹಿಸಿ.

ಹಾಗಾಗಿ ದುಡ್ಡು ಕಟ್ಟುವ ಮೊದಲು ಆ ಪ್ಲಾನಿನ ಸಹಾಯವಾಣಿಗೇ ಫೋನ್ ಮಾಡಿ. ಏಜೆಂಟರನ್ನು ಕೇಳಿದರೆ ಸಾಲದು. ನೀವು ದಿನವೂ ಹೋಗುವ ದಾರಿಯ ಎರಡು ಜಾಗದ ಹೆಸರು ಹೇಳಿ, ಒಂದು ಗಡಿಯ ಈಚೆ, ಒಂದು ಆಚೆ. ಆದೂರಿನಲ್ಲಿ ನಿಂತರೆ ಯಾರು ಬರುತ್ತಾರೆ, ಜಾಲ್ಸೂರಿನಲ್ಲಿ ನಿಂತರೆ ಯಾರು ಬರುತ್ತಾರೆ ಎಂದು ಕೇಳಿ. ಕಿಲೋಮೀಟರಿನ ಮಿತಿ ಎಷ್ಟು ಎಂದು ಎಲ್ಲರೂ ಕೇಳುತ್ತಾರೆ, ಅದನ್ನು ಎಲ್ಲಿಂದ ಎಣಿಸುತ್ತೀರಿ ಎಂದು ಕೇಳುವವರು ಕಡಿಮೆ. ಗಾಡಿ ನಿಂತ ಜಾಗದಿಂದ ಗ್ಯಾರೇಜಿನವರೆಗೆ ಎಣಿಸುವುದು ಒಂದು ಕ್ರಮ. ವ್ಯಾನ್ ತನ್ನ ಪೇಟೆಯಿಂದ ಹೊರಟು ಹಿಂದಿರುಗುವವರೆಗೆ ಎಣಿಸುವುದು ಇನ್ನೊಂದು. ಪಾಣತ್ತೂರು, ಬಂದಡ್ಕದಂಥ ಘಟ್ಟದ ಬುಡದ ಊರಿನವರಿಗೆ ಎರಡನೆಯ ಲೆಕ್ಕ ಬಂದರೆ ಮಿತಿ ದಾರಿಯಲ್ಲೇ ಮುಗಿಯುತ್ತದೆ. ಮಿಕ್ಕಿದ ಪ್ರತಿ ಕಿಲೋಮೀಟರಿಗೆ ಕೈಯಿಂದ ಕೊಡಬೇಕು. ಹತ್ತಿರದ ಗ್ಯಾರೇಜು ಯಾವುದೆಂದು ತೀರ್ಮಾನಿಸುವವರು ನೀವೋ ಅವರೋ ಎಂಬುದನ್ನೂ ಆಗಲೇ ಕೇಳಿಬಿಡಿ.

ತೋಟ ಇರುವವರು ಒಂದು ಷರತ್ತನ್ನು ಗಮನಿಸಬೇಕು. ವಾಹನ ಹೋಗುವ ದಾರಿಯಲ್ಲಿ ನಿಂತ ಗಾಡಿಗೆ ಮಾತ್ರ ನೆರವು ಎಂದು ಎಷ್ಟೋ ಪ್ಲಾನ್‌ಗಳಲ್ಲಿ ಬರೆದಿರುತ್ತದೆ. ಗುಡ್ಡೆಯ ಮಣ್ಣಿನ ದಾರಿಯಲ್ಲಿ, ತೋಡಿನ ಬದಿಯಲ್ಲಿ ಕೆಟ್ಟರೆ ಡಾಮರು ರಸ್ತೆಯವರೆಗೆ ತಳ್ಳಿಕೊಂಡು ಬರುವುದು ನಿಮ್ಮ ಪಾಲಿಗೆ. ಮನೆಯಿಂದ ಇಂತಿಷ್ಟು ಕಿಲೋಮೀಟರಿನ ಒಳಗೆ ನಿಂತರೆ ಬರುವುದಿಲ್ಲ ಎನ್ನುವ ಪ್ಲಾನ್‌ಗಳೂ ಇವೆ. ದಿನದ ಓಡಾಟವೆಲ್ಲ ಊರೊಳಗೇ ಇರುವವರು ಅಂಥದ್ದನ್ನು ಕೊಂಡರೆ ಕೊಟ್ಟ ದುಡ್ಡಿಗೆ ಏನೂ ಸಿಗುವುದಿಲ್ಲ.

ಅವರ ವ್ಯಾನ್ ಬರಲಾಗದಿದ್ದರೆ? ನಮ್ಮ ಕಡೆ ಇದು ಆಗುವ ಮಾತು. ಆಗ ಊರಿನ ಪಿಕಪ್ಪನ್ನೋ ಗೂಡ್ಸ್ ರಿಕ್ಷಾವನ್ನೋ ನಾವೇ ಕರೆದು, ಬಾಡಿಗೆಯನ್ನು ಆಮೇಲೆ ಅವರಿಂದ ಪಡೆಯಲು ಅವಕಾಶ ಇರಬೇಕು. ಪ್ಲಾನ್ ಆರಿಸುವಾಗ ನಾನು ಎಲ್ಲಕ್ಕಿಂತ ಹೆಚ್ಚು ಬೆಲೆ ಕೊಡುವುದು ಈ ಒಂದು ಸೌಲಭ್ಯಕ್ಕೆ. ಇದ್ದರೂ ಸಹಾಯವಾಣಿಯ ಒಪ್ಪಿಗೆ ಮೊದಲೇ ಬೇಕಾಗುತ್ತದೆ. ಫೋನ್ ಮಾಡದೆ ಸಾಗಿಸಿ ಬಿಲ್ ಕಳಿಸಿದರೆ ತಳ್ಳಿಹಾಕುತ್ತಾರೆ. ಒಪ್ಪಿಗೆಯ ಮೆಸೇಜು, ದೂರಿನ ನಂಬರು, ಪಿಕಪ್ಪಿನ ನಂಬರು ಬರೆದ ರಶೀದಿ, ಗಾಡಿ ಏರಿಸಿದ ಫೋಟೋ ಇಷ್ಟನ್ನು ಇಟ್ಟುಕೊಳ್ಳಿ.

ಗಾಡಿ ಏರಿಸುವ ಕ್ರಮದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಇದು ನನ್ನ ಕಸುಬು. ಕಾರು ಎಳೆಯುವ ಕ್ರೇನಿನ ಕೊಕ್ಕೆಗೆ ಬೈಕನ್ನು ಕಟ್ಟಲು ಬಿಡಬೇಡಿ. ಬೈಕಿಗೆ ಬೇಕಾದ್ದು ಸಮತಟ್ಟಾದ ಹಾಸು ಇರುವ ವಾಹನ. ಮುಂದಿನ ಚಕ್ರ ಎದುರಿನ ತಗಡಿಗೆ ಒತ್ತಿ ನಿಲ್ಲಬೇಕು, ಬೈಕು ನೆಟ್ಟಗಿರಬೇಕು, ಸೈಡ್ ಸ್ಟ್ಯಾಂಡ್ ಮಡಚಿರಬೇಕು. ಎಡಕ್ಕೊಂದು ಬಲಕ್ಕೊಂದು ಪಟ್ಟಿ ಹಾಕಿ, ಮುಂದಿನ ಫೋರ್ಕು ಅರ್ಧದಷ್ಟು ಕೆಳಗಿಳಿಯುವವರೆಗೆ ಬಿಗಿಯಬೇಕು. ಪಟ್ಟಿ ಹಿಡಿಯುವುದು ಫೋರ್ಕಿನ ಗಟ್ಟಿ ಭಾಗಕ್ಕೆ, ಹ್ಯಾಂಡಲಿನ ತುದಿಗೋ ಬ್ರೇಕ್ ಪೈಪಿಗೋ ಅಲ್ಲ. ಹಿಂದೆಯೂ ಕಟ್ಟಬೇಕು, ಇಲ್ಲದಿದ್ದರೆ ತಿರುವಿನಲ್ಲಿ ಜಾರಿ ಸೈಲೆನ್ಸರ್ ಬಡಿಯುತ್ತದೆ. ಏರಿಸುವ ಮೊದಲು ನಾಲ್ಕೂ ಬದಿಯ ಫೋಟೋ ತೆಗೆಯಿರಿ, ಸಾಗಿಸುವಾಗ ಟ್ಯಾಂಕಿಗೆ ಗೀರು ಬಿದ್ದರೆ ತೋರಿಸಲು ಆಧಾರ ಇರುತ್ತದೆ. ಇನ್ನೊಂದು ಬೈಕಿಗೆ ಹಗ್ಗ ಕಟ್ಟಿ ಎಳೆಸುವುದು, ಪಕ್ಕದ ಬೈಕಿನವರು ಕಾಲು ಕೊಟ್ಟು ತಳ್ಳುವುದು ನಮ್ಮಲ್ಲಿ ದಿನಾ ಕಾಣುತ್ತದೆ. ದಯವಿಟ್ಟು ಬೇಡ. ಹಗ್ಗ ಒಮ್ಮೆ ಸಡಿಲಾಗಿ ಮತ್ತೆ ಬಿಗಿಯಾದಾಗ ಹ್ಯಾಂಡಲ್ ಕೈ ತಪ್ಪುತ್ತದೆ, ಇಳಿಜಾರಿನಲ್ಲಿ ಇಬ್ಬರೂ ಬೀಳುತ್ತಾರೆ. ಎಲೆಕ್ಟ್ರಿಕ್ ಸ್ಕೂಟರನ್ನಂತೂ ಹಿಂದಿನ ಚಕ್ರ ಉರುಳಿಸುತ್ತಾ ಎಳೆಯಲೇಬಾರದು. ಮೋಟಾರು ಚಕ್ರದ ಜೊತೆಗೇ ತಿರುಗಿ ಕರೆಂಟ್ ಉತ್ಪಾದಿಸುತ್ತದೆ, ಮೋಟಾರಿಗೆ ಕರೆಂಟ್ ಹಂಚುವ ಕಂಟ್ರೋಲರ್ ಸುಡಬಹುದು. ಚಾರ್ಜ್ ಮುಗಿದು ನಿಂತರೆ ನೆರವು ಸಿಗುತ್ತದೆಯೇ ಎಂದು ಎಲೆಕ್ಟ್ರಿಕ್ ಗಾಡಿಯವರು ಬೇರೆಯಾಗಿ ಕೇಳಬೇಕು.

ಸಣ್ಣ ತೊಂದರೆಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. 2020ರ ಏಪ್ರಿಲ್‌ನಿಂದ ಬಿಎಸ್ 6 ಎಂಬ ಹೊಗೆಯ ನಿಯಮ ಬಂದ ಮೇಲೆ ಹೆಚ್ಚಿನ ಬೈಕುಗಳಲ್ಲಿ ಕಾರ್ಬುರೇಟರ್ ಇಲ್ಲ. ಪೆಟ್ರೋಲ್ ಪಂಪಿಗೂ ಕರೆಂಟ್ ಬೇಕು. ಬ್ಯಾಟರಿ ಪೂರ್ತಿ ಸತ್ತರೆ ತಳ್ಳಿ ಸ್ಟಾರ್ಟ್ ಮಾಡುವುದು ನಡೆಯುವುದಿಲ್ಲ, ಆದ್ದರಿಂದ ಜಂಪ್ ಸ್ಟಾರ್ಟ್, ಅಂದರೆ ಹೊರಗಿನ ಬ್ಯಾಟರಿಯಿಂದ ಸ್ಟಾರ್ಟ್ ಮಾಡಿಕೊಡುವುದು, ಪ್ಲಾನಿನಲ್ಲಿ ಇರಲೇಬೇಕು. ಕಡ್ಡಿ ಚಕ್ರದ ಬೈಕಿಗೆ ಸಾಮಾನ್ಯವಾಗಿ ಟ್ಯೂಬ್ ಇರುತ್ತದೆ. ಅದರ ಪಂಕ್ಚರ್ ಟ್ಯೂಬ್‌ಲೆಸ್ ಹಾಗೆ ನಿಂತಲ್ಲೇ ಮುಚ್ಚಲಾಗುವುದಿಲ್ಲ. ಪಂಕ್ಚರ್ ಅಂಗಡಿಯವರೆಗೆ ಒಯ್ಯುತ್ತಾರೆಯೇ ಎಂದು ಕೇಳಿ. ಪೆಟ್ರೋಲ್ ತಂದುಕೊಡುತ್ತಾರೆ, ಸಾಮಾನ್ಯವಾಗಿ ಪೆಟ್ರೋಲಿನ ದುಡ್ಡು ನಿಮ್ಮದೇ. ವರ್ಷಕ್ಕೆ ಎಷ್ಟು ಸಲ ಎಂಬ ಮಿತಿಯನ್ನೂ ನೋಡಿಕೊಳ್ಳಿ. ನೀರು ನಿಂತ ಕಡೆ ಇಂಜಿನ್ ಆಫ್ ಆದರೆ ಮತ್ತೆ ಸೆಲ್ಫ್ ಒತ್ತಬೇಡಿ. ಒಳಗೆ ನೀರು ಹೋಗಿದ್ದರೆ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಆ ನಷ್ಟಕ್ಕೆ ಇಂಜಿನ್ ಪ್ರೊಟೆಕ್ಷನ್ ಎಂಬ ಬೇರೆಯೇ ಆಡ್-ಆನ್ ಬೇಕು.

ಎಲ್ಲರೂ ಕೊಳ್ಳಬೇಕೇ? ಮನೆಯಿಂದ ಪೇಟೆಗೆ, ಪೇಟೆಯಿಂದ ಮನೆಗೆ ಹಗಲಿನಲ್ಲಿ ಮಾತ್ರ ಹೋಗುವವರು, ದಾರಿಯುದ್ದಕ್ಕೂ ಪರಿಚಯದ ಗ್ಯಾರೇಜು ಇರುವವರು ಇಲ್ಲದೆಯೂ ನಡೆಸಬಹುದು. ರಾತ್ರಿ ಪಾಳಿ ಮುಗಿಸಿ ಮಂಗಳೂರಿನಿಂದ ಒಬ್ಬರೇ ಬರುವ ನರ್ಸ್ ಅಕ್ಕಂದಿರು, ನಸುಕಿಗೆ ಹೊರಡುವ ಹಾಲಿನವರು, ಮಳೆಗಾಲದಲ್ಲಿ ಭಾಗಮಂಡಲದ ಘಟ್ಟ ಹತ್ತುವ ಹುಡುಗರು, ನಿಮಗೆ ನಾನು ಒತ್ತಾಯ ಮಾಡಿಯೇ ಹೇಳುತ್ತೇನೆ, ಕೊಳ್ಳಿ. ಕತ್ತಲೆಯಲ್ಲಿ ಒಬ್ಬರೇ ನಿಲ್ಲುವ ಸ್ಥಿತಿ ಬರಬಾರದು. ಕರೆದರೆ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದವರಿಗೆ ಕಂತಿನಲ್ಲಿ ಸಿಗುವ ರಿಯಾಯಿತಿ, ಹೋಗುತ್ತದೆ ಎಂದು ಕೆಲವರು ಹೆದರುತ್ತಾರೆ. ಬರೇ ದಾರಿಯ ನೆರವು ಪಡೆದದ್ದಕ್ಕೆ ಸಾಮಾನ್ಯವಾಗಿ ಬೋನಸ್ ಕಡಿಯುವುದಿಲ್ಲ, ಓನ್ ಡ್ಯಾಮೇಜ್ ಕ್ಲೇಮ್ ಮಾಡಿದರೆ ಕಡಿಯುತ್ತಾರೆ.

ರಾಷ್ಟ್ರೀಯ ಹೆದ್ದಾರಿ 66ರಲ್ಲಿ, ತಲಪಾಡಿಯಿಂದ ಈಚೆ, ಗಾಡಿ ನಿಂತರೆ ಮೊದಲು ಅದನ್ನು ಲೇನಿನಿಂದ ಬದಿಗೆ ತನ್ನಿ, ನೀವು ತಡೆಬೇಲಿಯ ಆಚೆ ನಿಂತು ಫೋನ್ ಮಾಡಿ. ಹೆದ್ದಾರಿಯ ಸಹಾಯವಾಣಿ 1033, ಅದಕ್ಕೆ ಯಾವ ಪ್ಲಾನೂ ಬೇಡ. ಅಪಘಾತವಾಗಿ ಯಾರಿಗಾದರೂ ಪೆಟ್ಟಾಗಿದ್ದರೆ ಮೊದಲ ಕರೆ 112ಕ್ಕೆ, ಗಾಡಿ ಎತ್ತುವ ಮಾತು ಆಮೇಲೆ.

ನೆರವು ಬಾರದಿದ್ದರೆ, ದುಡ್ಡು ಕೊಡದಿದ್ದರೆ ಸುಮ್ಮನಿರಬೇಡಿ. ವಿಮಾ ಕಂಪನಿಯ ಆಡ್-ಆನ್ ಆದರೆ ಮೊದಲು ಕಂಪನಿಗೇ ಬರಹದಲ್ಲಿ ದೂರು ಕೊಡಿ. ಒಂದು ತಿಂಗಳಲ್ಲಿ ಸರಿಹೋಗದಿದ್ದರೆ ವಿಮೆಯ ದೂರು ವಿಚಾರಿಸುವ ವಿಮಾ ಓಂಬುಡ್ಸ್‌ಮನ್ ಇದ್ದಾರೆ. ಕೇರಳಕ್ಕೆ ಅವರ ಕಚೇರಿ ಕೊಚ್ಚಿಯಲ್ಲಿ. ಪಾಲಿಸಿ ಮಂಗಳೂರಿನಲ್ಲಿ ಮಾಡಿಸಿದ್ದರೂ ನೀವು ವಾಸ ಇರುವ ಜಾಗದ ಲೆಕ್ಕದಲ್ಲಿ ಅಲ್ಲಿಗೆ ಹೋಗಬಹುದು. ತಯಾರಕರ ಅಥವಾ ಬೇರೆ ಸಂಸ್ಥೆಯ ಪ್ಲಾನ್ ಆದರೆ ಓಂಬುಡ್ಸ್‌ಮನ್ ಬಳಿ ನಡೆಯುವುದಿಲ್ಲ, ಗ್ರಾಹಕ ಆಯೋಗಕ್ಕೆ ಹೋಗಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನಾವು ವಾಸವಿರುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಕೊಟ್ಟ ಬೆಲೆ 5 ಲಕ್ಷದವರೆಗೆ ಇದ್ದರೆ ಶುಲ್ಕ ಇಲ್ಲ. ದುಡ್ಡು ತೆಗೆದುಕೊಂಡ ಕಂಪನಿ ಎಷ್ಟು ದೂರದಲ್ಲಿದ್ದರೂ ಉತ್ತರ ಕೊಡಲು ಕಾಸರಗೋಡಿಗೆ ಬರಬೇಕಾಗುತ್ತದೆ.

ಪಾಲಿಸಿಗಳು ಇಂಗ್ಲಿಷಿನಲ್ಲಿ, ಸಣ್ಣ ಅಕ್ಷರದಲ್ಲಿ ಇರುತ್ತವೆ. ಕಾಗದ ತಂದವರು, ಫೋನಿನಲ್ಲಿ ಪಿಡಿಎಫ್ ಇರುವವರು ಈ ಮೇಜಿನ ಹತ್ತಿರ ಬನ್ನಿ. ಒಬ್ಬೊಬ್ಬರದ್ದೇ ತೆರೆದು ಓನ್ ಡ್ಯಾಮೇಜ್ ಯಾವಾಗ ಮುಗಿಯುತ್ತದೆ, ಸಹಾಯವಾಣಿಯ ನಂಬರು ಯಾವುದು ಎಂದು ನೋಡಿ, ಆ ನಂಬರನ್ನು ಇಲ್ಲಿಯೇ ಫೋನಿನಲ್ಲಿ ಸೇವ್ ಮಾಡೋಣ.