ಎಂಟನ್ನು ಏಳು ಮಾಡುವ ಕೆಲಸ

ಮೇಜಿನ ಮೇಲೆ ಕಾಣುತ್ತಿರುವುದು ಅಮೆರಿಕನ್ ಫುಟ್‌ಬಾಲ್ ಆಡುವ ನಮ್ಮ ಡೆಟ್ರಾಯಿಟ್ ಲಯನ್ಸ್ ತಂಡದ ನೀಲಿ ಜೆರ್ಸಿ. ಬೆನ್ನಿನ ಮೇಲೆ 88, ಹಾಕಿನ್‌ಸನ್. ಇವತ್ತು ಎರಡನೆಯ ಎಂಟನ್ನು ಬಿಚ್ಚಿ ಏಳು ಹೊಲಿದು, ಅವನ ಜಾಗಕ್ಕೆ ಬಂದ ಲಾಪೋರ್ಟಾನ 87 ಮಾಡಬೇಕು. ನೀವು ಕೈ ನೋಡುತ್ತಿರಿ, ಬಾಯಿಯ ಕೆಲಸ ನನ್ನದು.

ಈ ಅಂಗಿಗೆ ಕೊಟ್ಟಿದ್ದು 150 ಡಾಲರ್. 2022ರ ಅಕ್ಟೋಬರ್ 2ರಂದು ಸಿಯಾಟಲ್ ಎದುರು ಹಾಕಿನ್‌ಸನ್ ಚೆಂಡು ಹಿಡಿದು 179 ಗಜ ಗಳಿಸಿದ, ಎರಡು ಟಚ್‌ಡೌನ್ ಬೇರೆ, ಅಂದರೆ ಎದುರಾಳಿಯ ಕೊನೆಯ ಗೆರೆ ದಾಟಿ ಅಂಕ ಗಳಿಸುವುದು. ಪಂದ್ಯ ಸೋತೆವು, ಆದರೂ ಅದೇ ರಾತ್ರಿ ಆರ್ಡರ್ ಮಾಡಿದೆ. ಎರಡೇ ಸಲ ತೊಟ್ಟಿದ್ದೆ. ನವೆಂಬರ್ 1ಕ್ಕೆ ಅವನನ್ನು ಮಿನ್ನೆಸೋಟಕ್ಕೆ ಕೊಟ್ಟುಬಿಟ್ಟರು! ಅದೂ ವರ್ಷಕ್ಕೆರಡು ಸಲ ನಮ್ಮೆದುರೇ ಆಡುವ ತಂಡಕ್ಕೆ. ಹಿಂದಿರುಗಿಸೋಣವೆಂದರೆ ತೊಟ್ಟ ಅಂಗಿ ಬೇಡವೆಂದರು. ಮಾರೋಣವೆಂದರೆ ಒಬ್ಬ 20 ಡಾಲರ್‌ಗೆ ಕೇಳಿದ, ಅಂಚೆ ವೆಚ್ಚವೂ ನನ್ನದೇ ಅಂತೆ. ಸಂಖ್ಯೆ ಬದಲಿಸಲು ದರ್ಜಿ ಹೇಳಿದ್ದು 65. ಒಂದು ಏಳಕ್ಕೆ ಅರವತ್ತೈದು! ಆಗಲೇ ಸೂಜಿ ಕೈಗೆ ತೆಗೆದುಕೊಂಡೆ.

ಅಮ್ಮ ದಾವಣಗೆರೆಯಿಂದ ನೋಡುತ್ತಿರುತ್ತಾರೆ, ಅವರಿಗಾಗಿ ಹೇಳುತ್ತೇನೆ: ಹಾಕಿನ್‌ಸನ್ ಆಡುವ ಜಾಗ ಟೈಟ್ ಎಂಡ್, ಎಂದರೆ ಒಂದು ಗಳಿಗೆ ಎದುರಾಳಿಯನ್ನು ತಡೆಯುವ ಗೋಡೆ, ಮರುಗಳಿಗೆ ಚೆಂಡು ಹಿಡಿದು ಓಡುವವನು. ಎರಡೂ ಕಲಿಯಲು ಕಾಲ ಬೇಕು. ವರ್ಷಕ್ಕೊಮ್ಮೆ ತಂಡಗಳು ಸರದಿಯಂತೆ ಕಾಲೇಜಿನ ಹೊಸ ಆಟಗಾರರನ್ನು ಆರಿಸಿಕೊಳ್ಳುವಾಗ, ನಮ್ಮ ತಂಡ ಮಾತ್ರ ಆತುರದಲ್ಲಿ ಮೊದಲ ಸುತ್ತಿನಲ್ಲೇ ಟೈಟ್ ಎಂಡ್‌ಗಳನ್ನು ಆರಿಸುತ್ತಿತ್ತು. 2009ರಲ್ಲಿ ಪೆಟಿಗ್ರೂ, 20ನೆಯ ಆಯ್ಕೆ. 2014ರಲ್ಲಿ ಎಬ್ರನ್, 10ನೆಯದು. ಅವನಾದ ಮೇಲೆ ಮೂರನೆಯ ಹೆಸರು ಆರನ್ ಡೊನಾಲ್ಡ್! ಮೂರು ಸಲ ವರ್ಷದ ಅತ್ಯುತ್ತಮ ರಕ್ಷಣಾ ಆಟಗಾರನಾದವನು. ಮರುವರ್ಷವೇ ನಮ್ಮ ರಕ್ಷಣಾ ಆಟಗಾರ ಸೂ ನಮ್ಮನ್ನು ಬಿಟ್ಟು ಮಯಾಮಿಗೆ ಹೋದಾಗ ಅದೇ ಜಾಗ ಖಾಲಿ. 2019ರಲ್ಲಿ ಹಾಕಿನ್‌ಸನ್, 8ನೆಯದು. ಐದು ವರ್ಷವಾದರೂ ಬುದ್ಧಿ ಬಂದಿರಲಿಲ್ಲ.

ಅಯ್ಯೋ, ಬಟ್ಟೆಯೂ ಸ್ವಲ್ಪ ಹರಿಯಿತು. ಏಳು ಅದನ್ನು ಮುಚ್ಚುತ್ತದೆ, ಬಿಡಿ.

ಆಮೇಲೆ ಆಟಗಾರರನ್ನು ಆರಿಸುವ ಜನರಲ್ ಮ್ಯಾನೇಜರ್ ಆಗಿ ಬ್ರಾಡ್ ಹೋಮ್ಸ್ ಬಂದರು. 2023ರಲ್ಲಿ 6ನೆಯ ಆಯ್ಕೆಯ ಸರದಿಯನ್ನು ಅರಿಜೋನಾಕ್ಕೆ ಬಿಟ್ಟುಕೊಟ್ಟು, 12 ಮತ್ತು 34 ಪಡೆದರು. ಹನ್ನೆರಡಕ್ಕೆ ಚೆಂಡು ಹೊತ್ತು ಓಡುವ ಗಿಬ್ಸ್, ಮೂವತ್ತನಾಲ್ಕಕ್ಕೆ ಟೈಟ್ ಎಂಡ್ ಸ್ಯಾಮ್ ಲಾಪೋರ್ಟಾ. ಹಾಕಿನ್‌ಸನ್ ಓದಿದ ಅಯೋವಾದಿಂದಲೇ ಬಂದವನು, ಎರಡನೇ ಸುತ್ತಿನ ಬೆಲೆಗೆ. ಮೊದಲ ವರ್ಷವೇ 86 ಕ್ಯಾಚ್, 10 ಟಚ್‌ಡೌನ್. ಹಾಗಾಗಿ ಮೊದಲ ಸುತ್ತಿನಲ್ಲಿ ಟೈಟ್ ಎಂಡ್ ಆರಿಸುವುದು ದಡ್ಡತನ, ಮುಗಿಯಿತು.

ಮುಗಿಯಲಿಲ್ಲ. ನಾವು ಬಿಟ್ಟ ಎಬ್ರನ್ 2018ರಲ್ಲಿ ಇಂಡಿಯಾನಾಪೊಲಿಸ್ ಪರ 13 ಟಚ್‌ಡೌನ್ ಹಿಡಿದ. ಹುಡುಗ ಕೆಟ್ಟವನಾಗಿರಲಿಲ್ಲ. ಲಾಪೋರ್ಟಾ ಬರುವ ಹೊತ್ತಿಗೆ ಎದುರಾಳಿಗಳನ್ನು ತಡೆಯುವ ನಮ್ಮ ಮುಂದಿನ ಸಾಲು ಗಟ್ಟಿಯಾಗಿತ್ತು, ಅಡುಗೆಮನೆ ಕಟ್ಟಿದ ಮೇಲೆ ಒಲೆ ತಂದ ಹಾಗೆ. ಹಿಂದಿನವರು ಒಲೆಯನ್ನು ಬಯಲಿನಲ್ಲಿಟ್ಟು ಊಟ ಎಲ್ಲಿ ಎಂದು ಕೇಳುತ್ತಿದ್ದರು. ಸರಿ, ಮೊದಲ ಸುತ್ತಿನ ಮೇಲಿನ ಸಿಟ್ಟನ್ನು ಅರ್ಧ ವಾಪಸ್ ಪಡೆಯುತ್ತೇನೆ. ಡೊನಾಲ್ಡ್ ವಿಷಯದ್ದು ಹಾಗೇ ಇರಲಿ.

ಬ್ಯಾಟರಿ ಕೆಂಪಾಗಿದೆ. ನೋಡಿ, ಏಳು ಕುಳಿತಿತು, ಸ್ವಲ್ಪ ಓರೆ. ಇನ್ನು ಹೆಸರು. ಹಾಕಿನ್‌ಸನ್ ಇಂಗ್ಲಿಷ್ ಅಕ್ಷರಗಳಲ್ಲಿ ಲಾಪೋರ್ಟಾಗೆ ಒದಗುವುದು 'ಓ' ಒಂದೇ. ಅಲ್ಲ, ತಡೆಯಿರಿ, ಎದೆಯ ಮೇಲೂ 88 ಇದೆ!