ಎತ್ತಿನ ಲೆಕ್ಕದಲ್ಲಿ ಮೋಟಾರು

ಎಲ್ಲರಿಗೂ ನಮಸ್ಕಾರ. ಮಳೆ ಹಿಡಿದಿದ್ದರೂ ಬಂದಿದ್ದೀರಿ. ಹಿಂದಿನವರು ಕುರ್ಚಿ ಮುಂದೆ ಎಳೆದುಕೊಂಡು ಕೂತುಕೊಳ್ಳಿ, ನನ್ನ ದನಿ ಸ್ವಲ್ಪ ಸಣ್ಣದು.

ಇವತ್ತಿನ ವಿಷಯ ಮುನ್ಸಿಪಾಲ್ಟಿ. ಅದೂ ನೂರಿಪ್ಪತ್ತು ವರ್ಷ ಹಿಂದಿನದು. ನಮ್ಮ ಧಾರವಾಡ ಜಿಲ್ಲೆ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು. ಮೋಟಾರು ಗಾಡಿ ಅಲ್ಲೊಂದು ಇಲ್ಲೊಂದು ಕಾಣಿಸಿಕೊಳ್ಳುತ್ತಿದ್ದ ಕಾಲ. ಮೋಟಾರು ಬಂತು, ಊರೇ ಬದಲಾಯಿತು ಅಂತ ನಾವು ಸುಲಭವಾಗಿ ಹೇಳಿಬಿಡುತ್ತೇವೆ, ಅಲ್ವಾ? ಮುನ್ಸಿಪಾಲ್ಟಿಯಲ್ಲಿ ಕೂತು ನೋಡಿದರೆ ಹಾಗೇನೂ ಕಾಣುವುದಿಲ್ಲ. ಅಲ್ಲಿ ಮೋಟಾರನ್ನು ಎತ್ತಿನ ಗಾಡಿಯ ಲೆಕ್ಕದಲ್ಲೇ ಬರೆದುಕೊಂಡರು.

ಊರು ಎಷ್ಟು ದೊಡ್ಡವಿದ್ದವು? 1901ರ ಜನಗಣತಿಯಲ್ಲಿ ಹುಬ್ಬಳ್ಳಿಗೆ 60 ಸಾವಿರ ಜನ. ಧಾರವಾಡ, ಗದಗ ಎರಡೂ 30 ಸಾವಿರದ ಆಸುಪಾಸು. ಉಳಿದವು ಇನ್ನೂ ಸಣ್ಣವು. 1882ರಲ್ಲಿ ಲಾರ್ಡ್ ರಿಪ್ಪನ್ ಸ್ಥಳೀಯ ಆಡಳಿತದ ಠರಾವು ಹೊರಡಿಸಿದ ಮೇಲೆ ಊರಿನವರಿಗೂ ಕುರ್ಚಿ ಸಿಕ್ಕಿತು. ಕೆಲವರು ಆರಿಸಿ ಬಂದವರು, ಕೆಲವರು ಸರ್ಕಾರ ನೇಮಿಸಿದವರು. ಎಲ್ಲರಿಗೂ ಓಟಿರಲಿಲ್ಲ. 1901ರಲ್ಲಿ ಜಿಲ್ಲಾ ಮುನ್ಸಿಪಾಲ್ಟಿಗಳಿಗೆ ಮುಂಬಯಿ ಸರ್ಕಾರದ ಹೊಸ ಕಾನೂನು ಬಂತು. ಮೆಂಬರರು ಮುಂದೆ ಬಹಳ ವರ್ಷ ಮೇಜಿನ ಮೇಲೆ ಇಟ್ಟುಕೊಂಡಿದ್ದು ಅದನ್ನೇ.

ಆ ಕಾನೂನಿನಲ್ಲಿ ನನಗೆ ಇಷ್ಟ 59ನೇ ಕಲಮು. ಯಾವುದಕ್ಕೆಲ್ಲ ಪಟ್ಟಿ, ಅಂದರೆ ತೆರಿಗೆ, ಹಾಕಬಹುದು ಅಂತ ಅಲ್ಲಿ ಹೇಳಿದೆ. ಮನೆ, ಜಾಗ, ನಾಯಿ, ನೀರು, ದೀಪ. ಗಾಡಿ ಎಳೆಯುವ, ಹೇರು ಹೊರುವ, ಸವಾರಿ ಮಾಡುವ ಪ್ರಾಣಿ. ದೋಣಿಗೂ ಪಟ್ಟಿ ಇದೆ! ಧಾರವಾಡದಲ್ಲಿ ದೋಣಿ ಎಲ್ಲಿತ್ತೋ ಕಾಣೆ. ಕಾನೂನು ಇಡೀ ಪ್ರಾಂತ್ಯದ್ದು, ಕಡಲ ದಂಡೆಯ ಊರುಗಳೂ ಅದರಲ್ಲೇ ಇದ್ದವು, ಅದಕ್ಕೆ. ಅದೇ ಸಾಲಿನಲ್ಲಿ ವಾಹನ ಅನ್ನುವ ಮಾತೂ ಇದೆ. ಬರೆದವರ ಕಣ್ಣ ಮುಂದೆ ಇದ್ದದ್ದು ಚಕ್ಕಡಿ ಮತ್ತು ಟಾಂಗಾ. ಮೋಟಾರು ಬಂದಾಗ ಗುಮಾಸ್ತ ತಲೆ ಕೆಡಿಸಿಕೊಳ್ಳಬೇಕಾಗಿರಲಿಲ್ಲ. ಅದಕ್ಕೂ ಗಾಲಿ ಇದೆ, ಅದೂ ವಾಹನವೇ.

ಆದರೆ ಗಾಡಿ ಪಟ್ಟಿಯಿಂದ ಊರು ನಡೆಯುತ್ತಿರಲಿಲ್ಲ. ದೊಡ್ಡ ಆದಾಯ ಜಕಾತಿಯದ್ದು, ಅಂದರೆ ಊರೊಳಗೆ ಬರುವ ಮಾಲಿನ ಮೇಲಿನ ಸುಂಕದ್ದು. ಊರಿಗೆ ಬರುವ ದಾರಿಗಳಲ್ಲಿ ನಾಕಾ. ರಸ್ತೆಗೆ ಅಡ್ಡ ಒಂದು ಬೊಂಬು, ಪಕ್ಕದಲ್ಲಿ ಗೂಡಿನಂಥ ಕಟ್ಟಡ, ಒಳಗೆ ಒಬ್ಬ ಕಾರಕೂನ. ಕಾಳಿನ ಚೀಲಕ್ಕೆ ಇಷ್ಟು, ತುಪ್ಪದ ಡಬ್ಬಿಗೆ ಇಷ್ಟು. ಮಾಲು ಊರಲ್ಲಿ ನಿಲ್ಲದೆ ಮುಂದೆ ಹೋಗುವುದಾದರೆ ಕಟ್ಟಿದ ದುಡ್ಡನ್ನು ವಾಪಸ್ ಪಡೆಯಬಹುದಿತ್ತು, ಅದಕ್ಕೆ ಚೀಟಿ ಜೋಪಾನವಾಗಿ ಇಟ್ಟುಕೊಂಡಿರಬೇಕು. ಇಲ್ಲಿ ತಲೆ ಬಿಳಿಯಾದವರಿಗೆ ನಾಕಾ ನೆನಪಿರುತ್ತದೆ. ಕರ್ನಾಟಕದಲ್ಲಿ ಜಕಾತಿ ಹೋಗಿದ್ದು 1979ರಲ್ಲಿ. ನಾನು ಸಣ್ಣವನಿದ್ದಾಗ ಅಜ್ಜನ ಜೊತೆ ಚಕ್ಕಡಿಯಲ್ಲಿ ಬರುತ್ತಿದ್ದೆ. ನಾಕಾ ಹತ್ತಿರ ಬಂದರೆ ಅಜ್ಜ "ಸುಮ್ನೆ ಕೂತ್ಕೊ, ಚೀಲದ ಮೇಲಿಂದ ಏಳಬ್ಯಾಡ" ಅನ್ನುತ್ತಿದ್ದ. ಯಾಕೆ ಅಂತ ಆಮೇಲೆ ಗೊತ್ತಾಯಿತು.

ಬಂದ ದುಡ್ಡು ಹೋಗುತ್ತಿದ್ದದ್ದು ಎಲ್ಲಿಗೆ? ಕಸ, ಕಕ್ಕಸು, ಗಟಾರು, ನೀರು, ಕೊಂಡವಾಡೆ, ದೀಪ. ಪ್ಲೇಗು ಬಂದ ವರ್ಷ ಎಲ್ಲ ಲೆಕ್ಕವೂ ತಲೆಕೆಳಗು. ಕಕ್ಕಸು ಬಳಿದು ತಲೆಯ ಮೇಲೆ ಹೊತ್ತವರ ಕೂಲಿ ಖರ್ಚಿನ ಪಟ್ಟಿಯಲ್ಲಿರುತ್ತಿತ್ತು. ಸಭೆಯ ಕುರ್ಚಿಯ ಹತ್ತಿರ ಅವರು ಸುಳಿಯುವಂತಿರಲಿಲ್ಲ. ಇದನ್ನು ಬಿಟ್ಟು ಆ ಕಾಲವನ್ನು ಬರೀ ಚಂದದ ಕಾಲ ಅನ್ನುವುದು ನನ್ನಿಂದಾಗದು.

ದೀಪದ ಕಥೆ ಸ್ವಲ್ಪ ಕೇಳಿ. ಕಂಬದ ಮೇಲೆ ಗಾಜಿನ ಪೆಟ್ಟಿಗೆ, ಒಳಗೆ ಚಿಮಣಿ ಎಣ್ಣೆಯ ದೀಪ. ಹೊತ್ತು ಮುಳುಗುವಾಗ ಒಬ್ಬ ಆಳು ಹೆಗಲಿಗೆ ಏಣಿ, ಕೈಗೆ ಎಣ್ಣೆ ಡಬ್ಬಿ ಹಿಡಿದು ಹೊರಡುತ್ತಿದ್ದ. ಏಣಿ ಹತ್ತಬೇಕು, ಗಾಜಿನ ಮಸಿ ಒರೆಸಬೇಕು, ಬತ್ತಿಯ ಕರಿ ಕತ್ತರಿಸಬೇಕು, ಹಚ್ಚಿ ಇಳಿದು ಮುಂದಿನ ಕಂಬಕ್ಕೆ ನಡೆಯಬೇಕು. ಬೆಳದಿಂಗಳಿದ್ದ ರಾತ್ರಿ ಹಚ್ಚುವ ಹಾಗಿಲ್ಲ. ಚಂದ್ರನಿರುವಾಗ ಎಣ್ಣೆ ಯಾಕೆ ಸುಡಬೇಕು? ಹೀಗೆ ಎಣ್ಣೆಯ ಬಜೆಟ್ಟಿಗೂ ಪಂಚಾಂಗಕ್ಕೂ ನಂಟು. ಹುಣ್ಣಿಮೆ ದಿನ ಮೋಡ ಕವಿದರೆ ಊರೆಲ್ಲ ಕತ್ತಲು, ಮೆಂಬರರಿಗೆ ಬೈಗುಳ. ಅತ್ತ ಬೆಂಗಳೂರಿನಲ್ಲಿ 1905ರ ಆಗಸ್ಟಿನಲ್ಲೇ ಕರೆಂಟಿನ ಬೀದಿದೀಪ ಹತ್ತಿತ್ತು.

ಈಗ ಧೂಳಿಗೆ ಬರೋಣ. ಮೋಟಾರು ಹೊಸದಾಗಿ ತಂದ ತಲೆನೋವು ಅಂದರೆ ಅದೇ. ಆಗಿನ ರಸ್ತೆ ಟಾರಿನದ್ದಲ್ಲ. ಒಡೆದ ಕಲ್ಲು ಹರವಿ, ಮೇಲೆ ಗರಸು ಸುರಿದು, ನೀರು ಹೊಡೆದು, ರೋಲರ್ ಎಳೆಸಿ ಕೂರಿಸುತ್ತಿದ್ದರು. ಅಂಥ ರಸ್ತೆಯನ್ನು ಹಿಡಿದಿಡುವುದು ಕಲ್ಲಿನ ಸಂದಿಯಲ್ಲಿರುವ ಹಸಿ ಹುಡಿ. ಚಕ್ಕಡಿಯ ಗಾಲಿಗೆ ಕಬ್ಬಿಣದ ಹಳಿ. ಅದು ನಿಧಾನಕ್ಕೆ ಕಲ್ಲನ್ನು ಅರೆಯುತ್ತದೆ, ಅರೆದ ಹುಡಿ ಅದೇ ಸಂದಿಗೆ ಬಿದ್ದು ಮತ್ತೆ ತುಂಬಿಕೊಳ್ಳುತ್ತದೆ. ಕೆಡಿಸುವುದೂ ಅದೇ, ರಿಪೇರಿ ಮಾಡುವುದೂ ಅದೇ. ರಬ್ಬರು ಗಾಲಿ ಜೋರಾಗಿ ಉರುಳಿದರೆ ಹುಡಿಯನ್ನು ಹೀರಿ ಮೇಲಕ್ಕೆ ಎಸೆಯುತ್ತದೆ. ಹುಡಿ ಅಂಗಡಿಯ ಬೆಲ್ಲದ ಮೇಲೆ ಹೋಗಿ ಕೂರುತ್ತದೆ. ರಸ್ತೆಯಲ್ಲಿ ಕಲ್ಲು ಸಡಿಲವಾಗುತ್ತದೆ. ಇಂಗ್ಲೆಂಡಿನಲ್ಲಿ ಹೂಲಿ ಅನ್ನುವ ಎಂಜಿನಿಯರ್ ಜಲ್ಲಿಗೆ ಟಾರು ಬೆರೆಸುವ ವಿಧಾನಕ್ಕೆ 1902ರಲ್ಲಿ ಪೇಟೆಂಟ್ ಪಡೆದಿದ್ದ. ನಮ್ಮ ಸವದತ್ತಿ ಹತ್ತಿರದ ಹೂಲಿಗೂ ಅವನಿಗೂ ಸಂಬಂಧವಿಲ್ಲ, ನಗಬೇಡಿ! ನಮ್ಮ ಊರುಗಳಿಗೆ ಆಗ ಇದ್ದ ಮದ್ದು ಒಂದೇ, ನೀರು ಚಿಮುಕಿಸುವುದು. ಕುಡಿಯಲಿಕ್ಕೇ ನೀರಿಲ್ಲದ ಊರಲ್ಲಿ ರಸ್ತೆಗೆ ನೀರು ಸುರಿಯಿರಿ ಅಂತ ಯಾವ ಮೆಂಬರ್ ಹೇಳಿಯಾನು?

ಮೋಟಾರಿಗಂತಲೇ ಕಾನೂನು ಬರಲಿಲ್ಲವೇ ಅಂದರೆ, ಬಂತು. ಮುಂಬಯಿ ಪ್ರಾಂತ್ಯದಲ್ಲಿ 1904ರಲ್ಲಿ, ಇಡೀ ದೇಶಕ್ಕೆ 1914ರಲ್ಲಿ. ನೋಂದಣಿ, ಲೈಸೆನ್ಸು ಎಲ್ಲ ಇತ್ತು. 1914ರ ಕಾನೂನಿನಲ್ಲೊಂದು ಮಾತಿದೆ, ಮೊದಲ ಸಲ ಓದಿದಾಗ ನಾನು ನಕ್ಕುಬಿಟ್ಟೆ. ಪೊಲೀಸು ಕೈ ಮಾಡಿದರೆ ಮೋಟಾರು ನಿಲ್ಲಬೇಕು, ಸರಿ. ಎತ್ತು, ಕುದುರೆ ಹೊಡೆದುಕೊಂಡು ಬರುವವನು ತನ್ನ ಪ್ರಾಣಿ ಬೆದರೀತು ಅಂತ ಅನ್ನಿಸಿ ನಿಲ್ಲು ಅಂದರೂ ನಿಲ್ಲಬೇಕು! ಬೇಕಾದಷ್ಟು ಹೊತ್ತು, ಅಲುಗಾಡದೆ. ಯೋಚಿಸಿ. ಒಳಗೆ ಹ್ಯಾಟು ಹಾಕಿದ ಸಾಹೇಬ. ಎದುರಿಗೆ ಹತ್ತಿ ಹೇರಿಕೊಂಡ ಚಕ್ಕಡಿ, ಕಿವಿ ನಿಮಿರಿಸಿದ ಎತ್ತು, ಬಾರುಕೋಲು ಮೇಲೆತ್ತಿದ ರೈತ. ಸಾಹೇಬ ತಾನೇ ಎಬ್ಬಿಸಿದ ಧೂಳಿನಲ್ಲಿ ಕೂತು ಕಾಯಬೇಕು. ಎಷ್ಟು ರೈತರು ಹಾಗೆ ಕೋಲು ಎತ್ತುವ ಧೈರ್ಯ ಮಾಡಿದರೋ, ಅದು ಬೇರೆ ಮಾತು.

1939ರಲ್ಲಿ ಆ ಕಾನೂನು ಹೋಗಿ ಬೇರೆ ಬಂತು. 1988ರಲ್ಲಿ ಅದೂ ಹೋಗಿ ಇನ್ನೊಂದು ಬಂತು. ಎತ್ತಿನವನ ಮಾತು ಮಾತ್ರ ಎರಡಕ್ಕೂ ದಾಟಿಕೊಂಡಿತು. 1988ರ ಕಾಯ್ದೆಯ 132ನೇ ಕಲಮು ತೆಗೆದು ನೋಡಿ, ಅಲ್ಲಿ ಆ ಎತ್ತು ಇನ್ನೂ ನಿಂತಿದೆ.